ಗಿರಿಜಮ್ಮನವರ ಚಪ್ಪರದ ಕೃಷ್ಣಕಮಲ

ಮೊನ್ನೆ, ನಾನು ಹಿಂದೆ ಕೆಲಸ ಮಾಡುತ್ತಿದ್ದ ಗಿಡಗಳ ನರ್ಸರಿಗೆ ಹೋಗಿದ್ದೆ. ಈಗ ಅಲ್ಲಿ ಸೇರಿಕೊಂಡಿರುವ ಹುಡುಗ ಹುಡುಗಿಯರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಹೇಳಿ ಸಾರ್ ಅಂದರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಅಷ್ಟರಲ್ಲಿ ಗೇಟಿನ ಹತ್ತಿರ ಯಾರದೋ ಕಾರು ನಿಂತಿತು, ಎಲ್ಲರೂ ಎದ್ದು ಓಡಿದರು. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಆದರೆ ಗಿರಾಕಿ ಬಂದಾಗ ಮುದುಕನ ಕತೆ ಕೇಳಿಕೊಂಡು ಕೂರುವವರು ನರ್ಸರಿ ಕೆಲಸಕ್ಕೆ ಲಾಯಕ್ಕಲ್ಲ, ಅದೂ ನಿಜ. ಅದಕ್ಕೇ ಮನೆಗೆ ಬಂದು ಬರೆಯಲು ಕೂತೆ. ಬಿಡುವಾದಾಗ ಓದಿಕೊಳ್ಳಲಿ.

ನಾನು ಮಾಲಿಯಾಗಿ ಸೇರಿದೆ, ಮೇಸ್ತ್ರಿಯಾದೆ, ಕೊನೆಗೆ ಮ್ಯಾನೇಜರ್ ಅಂತ ಒಂದು ಮೇಜು ಹಾಕಿಕೊಟ್ಟರು. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮೇಜು ಬಂದ ಮೇಲೆ ಕೈಗೆ ಮಣ್ಣು ಹತ್ತುವುದು ಕಡಿಮೆಯಾಯಿತು, ಸೊಂಟನೋವು ಜಾಸ್ತಿಯಾಯಿತು, ಅಷ್ಟೇ. ನಾನು ಹೇಳಬೇಕೆಂದಿರುವುದು ಒಂದು ಬಳ್ಳಿಯ ವಿಷಯ. ನೀವೆಲ್ಲ ಪ್ಯಾಶನ್ ಫ್ಲವರ್ ಅಂತ ಚೀಟಿ ಅಂಟಿಸಿ ಮಾರುತ್ತೀರಲ್ಲ, ಆ ಕೃಷ್ಣಕಮಲ. ಗಿರಿಜಮ್ಮನವರ ಮನೆಯ ಆ ಒಂದು ಬಳ್ಳಿಯಿಂದ ಈ ಕೆಲಸದ ಬಗ್ಗೆ ನಾನು ಕಲಿತಷ್ಟು ಬೇರೆ ಯಾವುದರಿಂದಲೂ ಕಲಿಯಲಿಲ್ಲ.

ನಾನು ತುಮಕೂರು ಕಡೆಯ ಹಳ್ಳಿಯವನು. ನಮ್ಮ ಮನೆಯಲ್ಲಿ ಹೂವೆಂದರೆ ಪೂಜೆಗೆ ಬೇಕಾದ ತುಂಬೆ, ಕಣಗಿಲೆ. ಹೂವನ್ನು ನೋಡುವುದಕ್ಕೇ ಬೆಳೆಸುತ್ತಾರೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂದು ಗೊತ್ತಾದದ್ದು ಬೆಂಗಳೂರಿಗೆ ಬಂದ ಮೇಲೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಕನಕಪುರ ರಸ್ತೆಯ ಪಕ್ಕದ ಒಂದು ನರ್ಸರಿಯಲ್ಲಿ ಕೆಲಸ ಸಿಕ್ಕಿತು. ಜಯನಗರ ಆಗಿನ್ನೂ ಅರ್ಧ ಊರು, ಅರ್ಧ ಬಯಲು. ಕಲ್ಲು ನೆಟ್ಟ ಸೈಟುಗಳ ಸಾಲು, ನಡುನಡುವೆ ಸುಣ್ಣದ ವಾಸನೆ ಇನ್ನೂ ಹೋಗದ ಮನೆಗಳು, ಅದರಾಚೆ ರಾಗಿ ಹೊಲ. ಬನಶಂಕರಿ ಗುಡಿ ದಾಟಿದರೆ ಊರು ಮುಗಿಯಿತು ಎಂದೇ ಲೆಕ್ಕ. ತಲಘಟ್ಟಪುರದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಕೆಮ್ಮಣ್ಣು, ಗೊಬ್ಬರ ಬರುತ್ತಿದ್ದವು. ಆ ಗಾಡಿ ಇಳಿಸುವುದು ನನ್ನ ಮೊದಲ ಕೆಲಸ.

ಆ ನರ್ಸರಿಯ ಪದ್ಧತಿಯೊಂದನ್ನು ನಿಮಗೆ ಹೇಳಲೇಬೇಕು. ಗಿಡ ಮಾರಿದರೆ ವ್ಯಾಪಾರ ಮುಗಿಯಿತು ಅನ್ನುವ ಮಾತಿರಲಿಲ್ಲ. ಗಿಡ ಆ ಮನೆಯ ಮಣ್ಣಿನಲ್ಲಿ ಹೊಸ ಚಿಗುರು ಬಿಡುವವರೆಗೆ ಅದು ನರ್ಸರಿಯದ್ದೇ. ನಾವು ಸೈಕಲ್ ಮೇಲೆ ಮನೆಮನೆಗೆ ಹೋಗಿ ನೋಡಿಕೊಂಡು ಬರಬೇಕು. ಬಾಡಿದ್ದರೆ ಕಿತ್ತು ಬೇರೆ ಇಡಬೇಕು. ಚಿಗುರು ಬಿಟ್ಟ ದಿನ ಮನೆಯವರು ಒಂದು ಲೋಟ ಕಾಫಿಯೋ ಮಜ್ಜಿಗೆಯೋ ಕೊಡುತ್ತಿದ್ದರು, ಆಗ ಗಿಡ ಅವರದಾಯಿತು ಅಂತ ಅರ್ಥ. ಆಮೇಲೂ ಕೆಲವರು ಕರೆಸುತ್ತಿದ್ದರು. ಹಾಗೆ ಎಷ್ಟು ಮನೆಗಳ ಕಷ್ಟಸುಖ ಈ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ.

ನನಗೆ ಕೆಲಸ ಕಲಿಸಿದವರು ಮುನಿಸ್ವಾಮಿ ಮೇಸ್ತ್ರಿ. ಹುಟ್ಟಿದಂದಿನಿಂದ ತೋಟದಲ್ಲೇ ಬೆಳೆದ ಮನೆತನ. ಮಾತು ಅರ್ಧ ತಮಿಳು, ಅರ್ಧ ಕನ್ನಡ, ಬೈಗುಳ ಮಾತ್ರ ಪೂರ್ತಿ ಕನ್ನಡ. ಬಳ್ಳಿಯನ್ನು ಅವರು ಬಾಳೆನಾರಿನಲ್ಲೇ ಕಟ್ಟಿಸುತ್ತಿದ್ದರು. ಸೆಣಬಿನ ಹುರಿ ಕಂಡರೆ ಮುಖ ಸಿಂಡರಿಸುತ್ತಿದ್ದರು, ತಂತಿ ಕಂಡರೆ ಕೈಯಲ್ಲಿದ್ದದ್ದನ್ನು ಎಸೆಯುತ್ತಿದ್ದರು. ಬಾಳೆನಾರು ಮಳೆಗಾಲ ಮುಗಿಯುವ ಹೊತ್ತಿಗೆ ತಾನೇ ಕೊಳೆತು ಬೀಳುತ್ತದೆ, ಅಷ್ಟರಲ್ಲಿ ಬಳ್ಳಿ ತಾನೇ ಹಿಡಿದುಕೊಂಡಿರುತ್ತದೆ, ಬಿಚ್ಚುವ ಕೆಲಸವೇ ಇಲ್ಲ. ತಂತಿ ಹಾಗಲ್ಲ, ಬಳ್ಳಿ ದಪ್ಪಗಾದಂತೆ ಕತ್ತು ಹಿಸುಕುತ್ತದೆ. ನಾನು ಒಮ್ಮೆ ಗಂಟು ಬಿಗಿಯಾಗಿ ಹಾಕಿದ್ದಕ್ಕೆ, ಬಳ್ಳಿ ಏನು ನಿನ್ನ ಮನೆ ಎಮ್ಮೆಯೇನೋ, ಹಗ್ಗ ಕಿತ್ಕೊಂಡು ಓಡ್ತದಾ ಅಂತ ಎಲ್ಲರ ಮುಂದೆ ಕೇಳಿದರು. ಆಮೇಲೆ ಇಷ್ಟು ವರ್ಷ ನಾನು ಹಾಕಿದ ಒಂದೊಂದು ಗಂಟಿಗೂ ಆ ಮಾತು ನೆನಪಾಗಿದೆ. ದೊಡ್ಡ ಉಪಕಾರ ಮಾಡಿದರು.

ನರ್ಸರಿಯ ಯಜಮಾನರು ನಂಜುಂಡಯ್ಯನವರು. ಬಿಳಿ ಕೋಟು, ಕಪ್ಪು ಟೋಪಿ, ಸಿಟ್ಟು ಬಂದರೆ ಟೋಪಿ ತೆಗೆದು ಇನ್ನೊಂದು ಕೈಗೆ ಬಡಿದುಕೊಳ್ಳುವ ಅಭ್ಯಾಸ. ಹೊಸದು ಏನು ಬಂದರೂ ಅವರಿಗೆ ಬೇಕು. ಹೊಸ ಗೊಬ್ಬರ, ಹೊಸ ಕತ್ತರಿ, ಹೊಸ ಔಷಧಿ. ಮುನಿಸ್ವಾಮಿಗೆ ಹಳೆಯದೇ ಆಗಬೇಕು. ಇಬ್ಬರ ಮಧ್ಯೆ ನಾವು ಕೂಲಿಯವರು ಒದ್ದಾಡುತ್ತಿದ್ದೆವು. ಆದರೆ ಒಂದು ಮಾತು, ಇಬ್ಬರೂ ತಪ್ಪು ಮಾಡಿದಾಗ ಒಪ್ಪಿಕೊಳ್ಳುತ್ತಿದ್ದರು. ಯಜಮಾನರು ಒಂದು ಮನೆಯ ಕಮಾನಿಗೆ ತಂತಿಯಲ್ಲೇ ಬಳ್ಳಿ ಕಟ್ಟಿಸಿ, ಮರುವರ್ಷ ಅದು ಅರ್ಧಕ್ಕೇ ಒಣಗಿದಾಗ, ಮುನಿಸ್ವಾಮಿಯ ಮುಂದೆ ಬಂದು ಟೋಪಿ ತೆಗೆದು ನಿಂತರು. ಆ ಸಲ ಕೈಗೆ ಬಡಿದುಕೊಳ್ಳಲಿಲ್ಲ.

ಇನ್ನು ಗಿರಿಜಮ್ಮನವರ ವಿಷಯ. ಜಯನಗರದಲ್ಲಿ ಮೂಲೆ ಸೈಟಿನ ಮನೆ. ಗಂಡ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು, ಮನೆ ಕಟ್ಟಿಸಿ ಅದರಲ್ಲಿ ಹೆಚ್ಚು ದಿನ ಇರಲಿಲ್ಲ, ತೀರಿಕೊಂಡರು. ಮಗಳು ವಿಮಲ, ಒಬ್ಬಳೇ. ಗಂಡನ ಅಣ್ಣ ಮರಿಯಪ್ಪನವರು ಬಸವನಗುಡಿಯಿಂದ ಪ್ರತಿ ಭಾನುವಾರ ಬಂದು ಮನೆಯ ಬೇಕುಬೇಡ ನೋಡಿಕೊಂಡು ಹೋಗುತ್ತಿದ್ದರು. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಟ್ಟಿ ದನಿಯ, ಶಾಸ್ತ್ರ ಬಿಡದ, ತಮ್ಮನ ಮಗಳನ್ನು ಸ್ವಂತ ಮಗಳೆಂದೇ ತಿಳಿದಿದ್ದ ಮನುಷ್ಯ.

ಗಿರಿಜಮ್ಮ ನರ್ಸರಿಗೆ ತಾವೇ ನಡೆದು ಬಂದರು, ನನ್ನ ಹೆಸರು ಕೇಳಿಕೊಂಡರು. ಸೆರಗು ತಲೆಯ ಮೇಲೆ ಹೊದ್ದಿದ್ದರು, ಬರಿಹಣೆ. ಮಗಳ ಮದುವೆ ಚಪ್ಪರಕ್ಕೆ ಒಂದು ಬಳ್ಳಿ ಬೇಕು ಅಂದರು. ಮದುವೆ ಯಾವಾಗ ಎಂದು ಕೇಳಿದೆ. ಗಂಡು ನೋಡೋಕೆ ಈಗಷ್ಟೇ ಶುರು ಮಾಡಿದೀವಿ ಅಂದರು. ನನಗೆ ನಗು ಬಂತು. ಚಪ್ಪರಕ್ಕೆ ಎಲ್ಲರೂ ತೆಂಗಿನ ಗರಿ ಹಾಕುತ್ತಾರೆ, ಒಂದು ದಿನದ ಕೆಲಸ, ಅದಕ್ಕೆ ಯಾಕಮ್ಮಾವ್ರೆ ಬಳ್ಳಿ ಎಂದೆ. ಅವರು ಸುತ್ತ ನೋಡಿದರು. ಬೇರೆ ಯಾರೂ ಇರಲಿಲ್ಲ.

“ಧಾರೆ ಎರೆಯೋ ಹೊತ್ತಿಗೆ ನಾನು ಅಡುಗೆಮನೇಲಿ ಇರಬೇಕು ರುದ್ರಪ್ಪ. ಅದು ಗೊತ್ತಿರೋದೇ. ನನ್ನ ಕೈಯಲ್ಲಿ ಬೆಳೆದಿದ್ದು ಏನಾದ್ರೂ ಒಂದು ಅವಳ ತಲೆ ಮೇಲಿದ್ರೆ ಸಾಕು.”

ಇದನ್ನು ಓದುವ ಹುಡುಗಿಯರಿಗೆ ಅರ್ಥವಾಗದಿರಬಹುದು, ಆಗದಿದ್ದರೆ ಒಳ್ಳೆಯದೇ. ಗಂಡ ಸತ್ತ ಹೆಂಗಸು ಆಗ ಮದುವೆಯ ಚಪ್ಪರದ ಕೆಳಗೆ ಕಾಲಿಡುತ್ತಿರಲಿಲ್ಲ. ಹೆತ್ತ ಮಗಳದ್ದಾದರೂ ಅಷ್ಟೇ. ಮದುವೆಯ ಅಡುಗೆಗೆ ಆಕೆ ಬೇಕು, ಸಾಮಾನು ಜೋಡಿಸಲು ಆಕೆ ಬೇಕು, ಮಂಗಳವಾದ್ಯ ಶುರುವಾದರೆ ಒಳಗೆ ಹೋಗಬೇಕು. ಯಾರೂ ಹೋಗು ಅಂತ ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ, ತಾವೇ ಹೋಗುತ್ತಿದ್ದರು. ನನ್ನ ಅಕ್ಕನೂ ಹಾಗೇ ಹೋದದ್ದನ್ನು ನಾನು ಕಂಡವನು. ಆ ದಿನ ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮಲ್ಲಿಗೆ ಹಬ್ಬಿಸೋಣವೇ ಎಂದೆ. ಬೇಡ, ಕೃಷ್ಣಕಮಲವೇ ಆಗಬೇಕು ಅಂದರು. ವಿಮಲ ಚಿಕ್ಕವಳಿದ್ದಾಗ ಸ್ಕೂಲಿನ ಬೇಲಿಯಿಂದ ಆ ಹೂ ಕಿತ್ತು ತಂದು, ಸುತ್ತಲಿನ ಸಣ್ಣ ಎಳೆಯೆಲ್ಲ ನೂರು ಕೌರವರು, ಒಳಗಿನ ಐದು ಪಾಂಡವರು, ನಡುವೆ ಇರುವವನು ಕೃಷ್ಣ ಅಂತ ಅಪ್ಪನ ತೊಡೆ ಮೇಲೆ ಕೂತು ಎಣಿಸುತ್ತಿದ್ದಳಂತೆ. ಅಕ್ಕಪಕ್ಕದ ಹೆಂಗಸರು ಬಿಡಬೇಕಲ್ಲ. ಭಾರತದ ಜಗಳವನ್ನೆಲ್ಲ ಮದುವೆ ಚಪ್ಪರಕ್ಕೆ ಹತ್ತಿಸಬೇಡಿ, ಗಂಡಹೆಂಡಿರಿಗೆ ಕಾದಾಟ ತಪ್ಪಲ್ಲ ಅಂತ ಎದುರುಮನೆಯಾಕೆ ಹೇಳಿದರು. ಮಧ್ಯದಲ್ಲಿ ಕೃಷ್ಣ ಇದ್ದಾನಲ್ಲ, ಅವನು ಬಿಡಿಸ್ತಾನೆ ಬಿಡಿ ಅಂತ ಗಿರಿಜಮ್ಮ ನಕ್ಕರಂತೆ. ನಗುವುದಕ್ಕೆ ಅವರಿಗೆ ಹೆಚ್ಚು ಕಾರಣ ಬೇಕಿರಲಿಲ್ಲ. ಅಷ್ಟು ಕಂಡುಂಡ ಮೇಲೂ ಹಾಗಿದ್ದರು, ಅದು ನನಗೆ ಇವತ್ತಿಗೂ ಆಶ್ಚರ್ಯ.

ಮಳೆ ಶುರುವಾದ ಮೇಲೆ ನಾನೇ ಬೇರುಬಿಟ್ಟ ಕಡ್ಡಿ ತೆಗೆದುಕೊಂಡು ಹೋಗಿ ಬಾಗಿಲ ಎದುರಿನ ಅಂಗಳದ ಅಂಚಿಗೆ ನೆಟ್ಟೆ. ಈಗ ಕೆಲಸದ ಮಾತು, ಗಮನವಿಟ್ಟು ಓದಿ. ಕೃಷ್ಣಕಮಲಕ್ಕೆ ಬುಡ ತಂಪಾಗಿರಬೇಕು, ತಲೆ ಬಿಸಿಲಲ್ಲಿರಬೇಕು. ಬುಡದ ಸುತ್ತ ಒಡೆದ ಹೆಂಚು ಮುಚ್ಚಿ. ನೀರು ನಿಲ್ಲಬಾರದು, ನಿಂತರೆ ಬೇರು ಕೊಳೆಯುತ್ತದೆ. ಅದು ಹಿಡಿದು ಹತ್ತುವುದು ದಾರದಷ್ಟು ಸಣ್ಣ ಕುಡಿಗಳಿಂದ, ಸುತ್ತಿ ಸುತ್ತಿ. ಆದ್ದರಿಂದ ದಪ್ಪ ಕಂಬ ಕೊಟ್ಟರೆ ಅದಕ್ಕೆ ಹಿಡಿತ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಚೆನ್ನಾಗಿರಲಿ ಅಂತ ಕಲ್ಲುಕಂಬ ನಿಲ್ಲಿಸಿ, ಬಳ್ಳಿ ಯಾಕೆ ಹತ್ತುತ್ತಿಲ್ಲ ಅಂತ ನಮ್ಮನ್ನು ಬೈದಿದ್ದಾರೆ. ಗಿರಿಜಮ್ಮನ ಅಂಗಳದಲ್ಲಿ ಸರ್ವೆ ಕಂಬ ನೆಟ್ಟು, ಮೇಲೆ ಬಿದಿರಿನ ಸೀಳು ಹಾಸಿ, ಕಂಬಕ್ಕೆ ತೆಂಗಿನ ನಾರಿನ ಹುರಿ ಇಳಿಬಿಟ್ಟು ಹತ್ತಿಸಿದೆವು. ಮೊದಮೊದಲಿಗೆ ಬಾಳೆನಾರಿನ ಗಂಟು. ಸಡಿಲ ಗಂಟು.

ಬಳ್ಳಿ ಚಿಗುರಿದ ದಿನ ಮಜ್ಜಿಗೆ ಕೊಟ್ಟರು, ಒಗ್ಗರಣೆ ಹಾಕಿದ್ದು. ಪದ್ಧತಿಯ ಪ್ರಕಾರ ನನ್ನ ಕೆಲಸ ಮುಗಿದಿತ್ತು, ಆದರೂ ಆ ಕಡೆ ಹೋದಾಗಲೆಲ್ಲ ಸೈಕಲ್ ತಾನೇ ಆ ಮೂಲೆಗೆ ತಿರುಗುತ್ತಿತ್ತು. ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವರು ಬಾವಿ ಸೇದಿ, ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ಎಲ್ಲ ಅದಕ್ಕೇ ಹಾಕುತ್ತಿದ್ದರು. ಎಳೆ ಕುಡಿಯೊಂದು ದಾರಿತಪ್ಪಿ ಕಿಟಕಿಯ ಕಡೆ ಹೋದರೆ, ಜಡೆ ಹಾಕುವವರ ಹಾಗೆ ಬೆರಳಲ್ಲಿ ಹಿಡಿದು ತಂದು ಬಿದಿರಿಗೆ ಸೇರಿಸುತ್ತಿದ್ದರು.

ಎರಡು ರಸ್ತೆ ಆಚೆ ಒಬ್ಬ ಇಂಜಿನಿಯರ್ ಇದ್ದರು. ಅದೇ ವಾರ ಅವರ ಮನೆಗೂ ಅದೇ ಬಳ್ಳಿ ಕೊಟ್ಟಿದ್ದೆವು. ಅವರು ಪ್ರೀತಿ ಹೆಚ್ಚಾಗಿ ಕಡಲೆಹಿಂಡಿ, ಸಗಣಿ, ಹೊಸ ಗೊಬ್ಬರ ಎಲ್ಲವನ್ನೂ ಸುರಿದರು. ಬಳ್ಳಿ ಮನೆಯ ತಾರಸಿ ಹತ್ತಿ, ಪಕ್ಕದವರ ತಾರಸಿ ಹತ್ತಿ, ರೇಡಿಯೋ ಕಂಬವನ್ನೂ ಬಿಡಲಿಲ್ಲ. ಹೂ ಮಾತ್ರ ಒಂದೂ ಇಲ್ಲ. ಊಟ ಹೆಚ್ಚಾದರೆ ಎಲೆ ಬಿಟ್ಟುಕೊಂಡು ಮಲಗುವ ಜಾತಿ ಇದು. ಅವರಿಗೆ ಹೇಳಲು ಹೋದೆ, ಕೇಳಿದರು, ಗೊಬ್ಬರ ನಿಲ್ಲಿಸಿದರು, ಮರುವರ್ಷ ಹೂ ಬಂದಾಗ ನನ್ನನ್ನು ಕರೆದು ತಿಂಡಿ ಕೊಟ್ಟರು. ಗಿರಿಜಮ್ಮನ ಬಳ್ಳಿ ಮಾತ್ರ ಹದವಾಗಿ ಉಂಡು ಮೊದಲ ವರ್ಷವೇ ಅಲ್ಲೊಂದು ಇಲ್ಲೊಂದು ಹೂ ಬಿಟ್ಟಿತ್ತು. ಬೆಳಿಗ್ಗೆ ಬಿಸಿಲೇರಿದ ಮೇಲೆ ಅರಳುವ ಹೂವದು. ಮುಹೂರ್ತವೂ ಬಿಸಿಲೇರಿದ ಮೇಲೇ ಸಿಗಲಿ ಅಂತ ಅವರು ದೇವರಿಗೆ ಕೈಮುಗಿಯುತ್ತಿದ್ದರು.

ಎರಡನೆಯ ಮಳೆಗಾಲದ ಹೊತ್ತಿಗೆ ಚಪ್ಪರ ತುಂಬಿತು. ಅದೇ ಸಮಯಕ್ಕೆ ಸಂಬಂಧವೂ ಕುದುರಿತು. ಹುಡುಗ ಮೈಸೂರಿನಲ್ಲಿ ಮೇಷ್ಟ್ರು. ಕಾರ್ತಿಕದಲ್ಲಿ ಮದುವೆ, ಬೆಳಿಗ್ಗೆ ಹತ್ತರ ಮೇಲೆ ಮುಹೂರ್ತ. ಮರಿಯಪ್ಪನವರೂ ಅವರ ಹೆಂಡತಿ ನಾಗಮ್ಮನೂ ಧಾರೆ ಎರೆಯುವುದು ಎಂದಾಯಿತು. ಬಳ್ಳಿಯ ಕೆಳಗೆ ಮದುವೆ ಅನ್ನುವುದು ಮರಿಯಪ್ಪನವರಿಗೆ ಸರಿಬಂದಿರಲಿಲ್ಲ. ಆದರೆ ವಿಮಲ ಹಟ ಹಿಡಿದಿದ್ದಳು. ಅಮ್ಮ ಹೊರಗೆ ಬರಲ್ಲ ಅಂತೀರಿ, ಅಮ್ಮನ ಬದಲು ಅದು ಇರುತ್ತೆ ಅಂದಳಂತೆ. ದೊಡ್ಡಪ್ಪ ಆಗಲಿ ಅಂದರು. ಮೊಗ್ಗು ಚೆನ್ನಾಗಿ ಕೂತಿದ್ದವು. ಆ ವರ್ಷ ನನಗೂ ಎಲ್ಲಿಲ್ಲದ ಜಂಬ. ನರ್ಸರಿಗೆ ಬಂದವರಿಗೆಲ್ಲ ಹೋಗಿ ಮೂಲೆಮನೆ ಚಪ್ಪರ ನೋಡಿಕೊಂಡು ಬನ್ನಿ ಅನ್ನುತ್ತಿದ್ದೆ.

ಮದುವೆಗೆ ಒಂದು ವಾರ ಇರಬಹುದು. ಗಿರಿಜಮ್ಮ ನರ್ಸರಿಗೆ ಹೇಳಿಕಳಿಸಿದರು, ಎಲೆ ತೂತು ಬೀಳ್ತಿದೆ, ಒಂದು ಸಲ ಬಂದು ಹೋಗಬೇಕಂತೆ ಅಂತ. ಹೋಗಿ ಒಂದು ಎಲೆ ತಿರುವಿ ನೋಡಿದೆ. ಮೈತುಂಬ ಮುಳ್ಳಿರುವ ಕೆಂಚು ಹುಳ. ಒಂದಲ್ಲ, ಎಲೆಯ ಕೆಳಗೆ ಸಂತೆ ಸೇರಿದಂತೆ. ಕೆಂಪು ಚಿಟ್ಟೆಯೊಂದು ಈ ಬಳ್ಳಿ ಹುಡುಕಿಕೊಂಡು ಬಂದು ಎಲೆಯಡಿ ಹಳದಿ ಮೊಟ್ಟೆ ಇಟ್ಟು ಹೋಗುತ್ತದೆ. ಮಳೆ ನಿಂತ ಮೇಲೆ ಇವುಗಳ ಕಾಟ ಇದ್ದದ್ದೇ, ಆದರೆ ಹಾಗೆ ಬಂದದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಸುತ್ತಲಿನ ಎಲ್ಲ ಬಳ್ಳಿ ಬಿಟ್ಟು ಇದಕ್ಕೇ ಬಂದಿದ್ದವು.

ನರ್ಸರಿಗೆ ಓಡಿದೆ. ಯಜಮಾನರು ಇದ್ದರು. ಹುಳ ಕೊಲ್ಲುವ ಬಿಳಿ ಪುಡಿ ಆಗಷ್ಟೇ ಎಲ್ಲ ಕಡೆ ಬರತೊಡಗಿತ್ತು, ಅವರಿಗೆ ಅದರ ಮೇಲೆ ಬಹಳ ನಂಬಿಕೆ. ಡಬ್ಬಿಯನ್ನೂ ಊದುವ ಪಂಪನ್ನೂ ತಾವೇ ನನ್ನ ಕ್ಯಾರಿಯರಿಗೆ ಕಟ್ಟಿದರು. ಒಂದೇ ಸಲ ಹೊಡಿ, ನಾಳೆ ಬೆಳಿಗ್ಗೆ ಒಂದು ಹುಳ ಇದ್ದರೆ ನನ್ನ ಕೇಳು ಅಂದರು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಪಂಪು ಹಿಡಿದು ಅಂಗಳದಲ್ಲಿ ನಿಂತಾಗ ಗಿರಿಜಮ್ಮ ಕೇಳಿದ್ದು ಒಂದೇ ಮಾತು.

“ಇದರ ಕೆಳಗೇ ಅಲ್ವಾ ಊಟದ ಎಲೆ ಹಾಕೋದು?”

ನಾನು ತಲೆಯೆತ್ತಿ ನೋಡಿದೆ. ಗಾಳಿ ಬೀಸಿದರೆ ಪುಡಿ ಉದುರುತ್ತದೆ. ಸಾಲಾಗಿ ಕೂರುವ ಮಕ್ಕಳು, ಮುದುಕರು, ಬೀಗರು, ಅವರ ಅನ್ನದ ಮೇಲೆ. ಎರಡು ಮಳೆಗಾಲ ಬೆಳೆಸಿದ ಬಳ್ಳಿ ಕಣ್ಣೆದುರಿಗೇ ಹೋಗುತ್ತಿದೆ, ಅದರ ಮೇಲೆ ಗಿರಿಜಮ್ಮ ಎಷ್ಟು ಆಸೆ ಇಟ್ಟಿದ್ದರೆಂದು ನನಗೆ ಗೊತ್ತು. ಆಕೆಗೆ ಮೊದಲು ನೆನಪಾದದ್ದು ಉಣ್ಣುವವರ ಎಲೆ. ಪಂಪನ್ನು ಮತ್ತೆ ಸೈಕಲ್ಲಿಗೆ ಕಟ್ಟಿದೆ. ಯಜಮಾನರಿಗೆ ಹೇಳಿದಾಗ ಟೋಪಿ ತೆಗೆದರು, ಬಡಿದುಕೊಳ್ಳುತ್ತಾರೆ ಅಂದುಕೊಂಡೆ, ಸುಮ್ಮನೆ ಮತ್ತೆ ಹಾಕಿಕೊಂಡು, ಹಾಗಾದ್ರೆ ನಾಲ್ಕು ಆಳು ಕರ್ಕೊಂಡು ಹೋಗು, ಕೈಯಲ್ಲಿ ಆರಿಸಿ ಅಂದರು. ಅವರ ಬಗ್ಗೆ ಎಷ್ಟೋ ಸಿಡಿಮಿಡಿ ಮಾಡಿದ್ದೇನೆ, ಆ ಒಂದು ಮಾತಿಗೆ ಎಲ್ಲ ಮಾಫಿ.

ಕೈಯಲ್ಲಿ ಆರಿಸಿದೆವು. ಮುನಿಸ್ವಾಮಿ ಮೇಸ್ತ್ರಿ ಏಣಿ ಹತ್ತಿದರು. ರಸ್ತೆಯ ಹೆಂಗಸರು ಮೊರ ತಂದರು. ಜಗಳದ ಹೂವು ಅಂದಿದ್ದ ಎದುರುಮನೆಯಾಕೆಯೇ ಮೊದಲು ಬಂದವರು. ಬಳ್ಳಿಯ ಕೆಳಗೆ ಮೊರ ಹಿಡಿದು ಅಲ್ಲಾಡಿಸಿದರೆ ಹುಳ ರಾಗಿ ಉದುರಿದಂತೆ ಉದುರುತ್ತಿದ್ದವು. ಅದನ್ನು ಬಕೀಟಿಗೆ ಹಾಕುವುದು, ಮತ್ತೆ ಹಿಡಿಯುವುದು. ದಿನವೂ ಬಂದರು. ತಮ್ಮ ಮನೆ ಕೆಲಸ ಬಿಟ್ಟು, ಮೈಯೆಲ್ಲ ತುರಿಸಿಕೊಳ್ಳುತ್ತಾ, ಹುಳಕ್ಕೆ ಶಾಪ ಹಾಕುತ್ತಾ. ಅವರೆಲ್ಲರ ಹೆಸರು ನನಗೆ ಈಗ ನೆನಪಿಲ್ಲ, ಮುಖ ನೆನಪಿದೆ. ಎಲ್ಲಿದ್ದರೂ ಚೆನ್ನಾಗಿರಲಿ.

ಆದರೆ ತಡವಾಗಿತ್ತು. ನಾವು ಮೇಲಿನ ಹುಳ ಆರಿಸುವಷ್ಟರಲ್ಲಿ ಒಳಗಿನವು ತಿಂದಿರುತ್ತಿದ್ದವು. ಎಲೆ ಮುಗಿಸಿ ಮೊಗ್ಗಿಗೆ ಬಂದವು, ಮೊಗ್ಗು ಮುಗಿಸಿ ಎಳೆ ತೊಗಟೆಗೆ. ಚಪ್ಪರ ಹಾಕುವ ದಿನ ಬೆಳಿಗ್ಗೆ ಬಿದಿರಿನ ಮೇಲೆ ಉಳಿದದ್ದು ಬರೀ ಬಳ್ಳಿಯ ಕಾಂಡ, ಹಗ್ಗದ ಸಿಕ್ಕಿನ ಹಾಗೆ.

ಮರಿಯಪ್ಪನವರು ಬಂದು ನೋಡಿ, ಇದನ್ನ ಕಡಿದು ಹಾಕಿ, ಒಣಬಳ್ಳಿ ಮದುವೆಮನೆ ಮೇಲೆ ಇರಬಾರದು ಅಂದರು. ಒಣಗಿಲ್ಲ ಸ್ವಾಮಿ, ಜೀವ ಇದೆ, ಮತ್ತೆ ಚಿಗುರುತ್ತೆ ಅಂತ ಉಗುರಲ್ಲಿ ಕೆರೆದು ಹಸಿರು ತೋರಿಸಿದೆ. ಅವರು ಗಿರಿಜಮ್ಮನ ಮುಖ ನೋಡಿದರು. ಗಿರಿಜಮ್ಮ, ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡಿ ಭಾವ, ಅಂದು ಒಳಗೆ ಹೋದರು. ಹೋಗುವಾಗ ಕಂಬವನ್ನು ಒಮ್ಮೆ ಮುಟ್ಟಿದರು. ಮರಿಯಪ್ಪನವರಿಗೂ ಏನನ್ನಿಸಿತೋ, ಕಡಿಸಲಿಲ್ಲ. ಇರಲಿ, ಮೇಲೆ ಗರಿ ಮುಚ್ಚಿ ಅಂದರು. ತೆಂಗಿನ ಗರಿ ಹಾಕಿದರು, ಮಾವಿನ ತೋರಣ ಕಟ್ಟಿದರು. ಎಲ್ಲರ ಮನೆಯ ಚಪ್ಪರದಂಥದ್ದೇ ಒಂದು ಚಪ್ಪರವಾಯಿತು.

ಮದುವೆಗೆ ಹೋಗಬಾರದು ಅಂದುಕೊಂಡಿದ್ದೆ. ಯಾವ ಮುಖ ಇಟ್ಟುಕೊಂಡು ಹೋಗಲಿ? ಮುನಿಸ್ವಾಮಿ ಬೈದು ಕರೆದುಕೊಂಡು ಹೋದರು. ಇಬ್ಬರೂ ಕಾಂಪೌಂಡಿನ ಹತ್ತಿರ ನಿಂತೆವು. ಬಿಸಿಲೇರಿತ್ತು. ಹೂ ಅರಳುವ ಹೊತ್ತು. ಓಲಗ ಶುರುವಾಯಿತು. ಮರಿಯಪ್ಪ, ನಾಗಮ್ಮ ಬಂದು ನಿಂತರು. ಹುಡುಗ ನಿಂತ. ಸೋದರಮಾವ ಇರಲಿಲ್ಲ, ಅಪ್ಪನ ಕಡೆಯ ನೆಂಟರೊಬ್ಬರು ವಿಮಲಳನ್ನು ಕರೆತಂದರು. ಅವಳು ಚಪ್ಪರದ ಕೆಳಗೆ ಬಂದವಳು ತಲೆಯೆತ್ತಿದಳು. ಮೇಲೆ ಗರಿ. ಗರಿಯ ಸಂದಿಯಲ್ಲಿ ಅಲ್ಲಲ್ಲಿ ಬೋಳು ಕಾಂಡ. ಅಲ್ಲೇ ನಿಂತುಬಿಟ್ಟಳು. ಪುರೋಹಿತರು ಹಸೆಮಣೆ ಕಡೆ ಬಾಮ್ಮಾ ಅಂದರು. ಅವಳು ಕದಲಲಿಲ್ಲ. ಹೊತ್ತು ಮೀರುತ್ತೆ ಅಂದರು. ಆಗಲೂ ಕದಲಲಿಲ್ಲ. ಓಲಗದವರು ತಾವೇ ನಿಲ್ಲಿಸಿದರು. ವಿಮಲ ಮನೆಯ ಬಾಗಿಲ ಕಡೆ ತಿರುಗಿ ಮಾತಾಡಿದಳು. ಕೂಗಲಿಲ್ಲ, ಎಲ್ಲರಿಗೂ ಕೇಳಿಸಿತು.

“ಅಮ್ಮ, ನಿನ್ನ ಬದಲು ಬಳ್ಳಿ ಬರುತ್ತೆ ಅಂತ ಒಪ್ಕೊಂಡಿದ್ದೆ. ಬಳ್ಳಿ ಬರಲಿಲ್ಲ. ಈಗ ನೀನೇ ಬರಬೇಕು.”

ಗಿರಿಜಮ್ಮ ಬಾಗಿಲಿಗೆ ಬರಲಿಲ್ಲ. ಗಂಡಿನ ಕಡೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮುನಿಸ್ವಾಮಿ ನನ್ನ ತೋಳು ಹಿಡಿದುಕೊಂಡಿದ್ದರು. ಮರಿಯಪ್ಪನವರು ಬಾಯಿ ತೆರೆದರು. ಈಗ ಗದರುತ್ತಾರೆ, ಮುಗೀತು ಅಂದುಕೊಂಡೆ. ಅವರು ಹುಡುಗಿಯನ್ನು ನೋಡಿದರು, ಮೇಲೆ ನೋಡಿದರು, ಆಮೇಲೆ ಹೆಂಡತಿಯ ಕಡೆ ತಿರುಗಿ, ಹೋಗು ಕರ್ಕೊಂಡ್ ಬಾ, ಅಂದರು. ಅಷ್ಟು ಮೆತ್ತಗಿನ ದನಿ ಆ ಮನುಷ್ಯನಲ್ಲಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ.

ನಾಗಮ್ಮ ಒಳಗೆ ಹೋಗಿ ಗಿರಿಜಮ್ಮನ ಕೈ ಹಿಡಿದು ಕರೆತಂದರು. ಅಡುಗೆಯ ಸೀರೆಯಲ್ಲೇ ಬಂದರು, ಕೈ ಇನ್ನೂ ಒದ್ದೆ. ಹೊಸ್ತಿಲ ಹತ್ತಿರ ಒಂದು ಕ್ಷಣ ಹಿಂದೆಳೆದರು, ನಾಗಮ್ಮ ಬಿಡಲಿಲ್ಲ. ಗಂಡಿನ ಕಡೆಯ ಅಜ್ಜಿಯೊಬ್ಬರು ಚಪ್ಪರದ ಕಂಬದ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಇವರೇನು ಅನ್ನುತ್ತಾರೋ ಅಂತ ಎಲ್ಲರ ಕಣ್ಣೂ ಅಲ್ಲೇ. ಆ ಅಜ್ಜಿ ಕಷ್ಟಪಟ್ಟು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಗಿರಿಜಮ್ಮ ಕೂರಲಿಲ್ಲ. ಕಂಬಕ್ಕೆ ಸುತ್ತಿದ್ದ ಬೋಳು ಬಳ್ಳಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಂತರು. ಧಾರೆ ಆಯಿತು, ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿತ್ತು. ಅವರು ಕಣ್ಣು ಮಿಟುಕಿಸಿದ್ದನ್ನು ನಾನು ಕಾಣೆ. ನಾನಂತೂ ಎಲ್ಲರೆದುರು ಅತ್ತೆ, ಮುನಿಸ್ವಾಮಿ ಬೈಯಲಿಲ್ಲ, ಅವರೂ ಅಳುತ್ತಿದ್ದರು. ಆಮೇಲೆ ಅದೇ ಚಪ್ಪರದ ಕೆಳಗೆ ಎಲೆ ಹಾಕಿದರು, ಹೋಳಿಗೆ ಬಡಿಸಿದರು, ಎಲ್ಲರೂ ನಿಶ್ಚಿಂತೆಯಿಂದ ಉಂಡರು.

ಆ ದಿನದ ನಂತರ ನಾನು ಬಹಳ ಯೋಚನೆ ಮಾಡಿದ್ದೇನೆ. ಬಳ್ಳಿ ಚೆನ್ನಾಗಿ ಬಂದಿದ್ದರೆ, ನಾವು ಅಂದುಕೊಂಡ ಹಾಗೆ ಹೂ ಅರಳಿದ್ದರೆ, ಎಲ್ಲರೂ ಹೊಗಳುತ್ತಿದ್ದರು, ನನ್ನ ಜಂಬ ಇನ್ನಷ್ಟು ಬೆಳೆಯುತ್ತಿತ್ತು, ಗಿರಿಜಮ್ಮ ಅಡುಗೆಮನೆಯಲ್ಲೇ ನಿಂತು ಓಲಗ ಕೇಳುತ್ತಿದ್ದರು. ಈ ಕೆಲಸದಲ್ಲಿ ನಾನು ಉಳಿಸಿದ ಗಿಡಗಳು ಬಹಳ. ಕಳೆದುಕೊಂಡದ್ದಕ್ಕೆ ದೇವರಿಗೆ ಕೈಮುಗಿದದ್ದು ಅದೊಂದಕ್ಕೇ. ನೀವೂ ಗಿಡ ಕಳೆದುಕೊಳ್ಳುತ್ತೀರಿ, ಕಳೆದುಕೊಂಡಾಗ ಸಂಕಟಪಡುತ್ತೀರಿ, ಪಡಬೇಕಾದ್ದೇ. ಆದರೆ ಬುಡ ಗಟ್ಟಿಯಿದ್ದರೆ ಕಡಿಯುವ ಅವಸರ ಮಾಡಬೇಡಿ.

ಮದುವೆಯಾಗಿ ಕೆಲವು ವಾರಕ್ಕೆ ಆ ಬಳ್ಳಿ ಗಂಟುಗಂಟಿನಲ್ಲೂ ಚಿಗುರಿತು. ಬೇಸಿಗೆ ಬರುವ ಹೊತ್ತಿಗೆ ಮೈತುಂಬ ಎಲೆ. ವಿಮಲ ಗಂಡನೊಂದಿಗೆ ತವರಿಗೆ ಬಂದಾಗ ಹೂ ಅರಳಿತ್ತು. ಗಂಡನ ಕೈಯಲ್ಲಿ ಒಂದು ಹೂವಿಟ್ಟು ಕೌರವರನ್ನು ಎಣಿಸು ಅಂದಳಂತೆ, ಪಾಪ ಮೇಷ್ಟ್ರು ಸುಸ್ತಾಗಿ ಬಿಟ್ಟುಬಿಟ್ಟರಂತೆ. ಮರಿಯಪ್ಪನವರು ಭಾನುವಾರ ಬಂದರೆ ಅದೇ ಬಳ್ಳಿಯ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಆಮೇಲೆ ಆ ರಸ್ತೆಯಲ್ಲಿ ಆದ ಇನ್ನೊಂದು ಮದುವೆಗೆ ಎದುರುಮನೆಯಾಕೆ ಗಿರಿಜಮ್ಮನನ್ನು ತಾವೇ ಹೋಗಿ ಕರೆತಂದು ಚಪ್ಪರದಲ್ಲಿ ಕೂರಿಸಿದರಂತೆ. ಅದನ್ನು ನಾನು ಕಣ್ಣಾರೆ ನೋಡಿಲ್ಲ, ಕೇಳಿದ್ದು.

ಮುಂದಿನ ವರ್ಷ ಮಳೆ ನಿಂತ ಮೇಲೆ ಮತ್ತೆ ಆ ಕೆಂಪು ಚಿಟ್ಟೆ ಬಂತು. ಎಲೆಯ ಕೆಳಗೆ ಹಳದಿ ಮೊಟ್ಟೆ ಕಂಡವನೇ ನಾನು ಕೆರಳಿ ಎದ್ದೆ. ಈ ಸಲ ಊಟವಿಲ್ಲ, ಪಂಕ್ತಿಯಿಲ್ಲ, ಪುಡಿ ತಂದು ಹೊಡೆದೇ ಬಿಡ್ತೀನಿ ಅಮ್ಮಾವ್ರೆ, ಒಂದೂ ಉಳಿಯಬಾರದು ಅಂದೆ. ಗಿರಿಜಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೊರ ಕೆಳಗಿಟ್ಟು ಎದ್ದು ಬಂದು, ನಾನು ತಿರುವಿ ಹಿಡಿದಿದ್ದ ಎಲೆಯನ್ನು ನನ್ನ ಬೆರಳಿಂದ ಬಿಡಿಸಿ ಮೊದಲಿದ್ದ ಹಾಗೇ ಇಟ್ಟರು.

“ಬಿಡಿ ರುದ್ರಪ್ಪ, ತಿನ್ಲಿ. ಅವತ್ತು ನನ್ನ ಕಡೆಯಿಂದ ಮದುವೆಗೆ ಬಂದಿದ್ದ ನೆಂಟರು ಇವರೇ.”

ಹಾಗೆಂದು ಅವರು ಮತ್ತೆ ಅವರೆಕಾಯಿ ಸುಲಿಯಲು ಕೂತರು. ನಾನು ಸೈಕಲ್ ಹತ್ತಿದೆ.